ಶಬ್ದಗಳಿಗೂ ಗೋತ್ರವುಂಟು

ಹಿರಿಯರಿಗೆ ಅಭಿವಾದನ ಮಾಡುವಾಗ ನಾವು ಹೆಸರೊಂದನ್ನೇ ಹೇಳಿ ಮುಗಿಸುವುದಿಲ್ಲ. ಪ್ರವರದ ಋಷಿಗಳನ್ನು ಹೇಳಿ, ಗೋತ್ರವನ್ನು ಹೇಳಿ, ಸೂತ್ರ ಶಾಖೆಗಳನ್ನು ಹೇಳಿ, ಕಟ್ಟಕಡೆಗೆ ಹೆಸರನ್ನು ಹೇಳುತ್ತೇವೆ. ಹೆಸರಿನಿಂದ ಬಾಂಧವ್ಯವು ತಿಳಿಯುವುದಿಲ್ಲವೆಂಬುದೇ ಇದರ ಇಂಗಿತ. ಒಂದೇ ಬೀದಿಯಲ್ಲಿ ಮೂವರು ರಾಘವೇಂದ್ರರಿರಬಹುದು. ಅಷ್ಟರಿಂದಲೇ ಅವರನ್ನು ಅಣ್ಣತಮ್ಮಂದಿರೆಂದು ಯಾರೂ ಭಾವಿಸುವುದಿಲ್ಲ. ಹೆಸರೂ ಊರೂ ಮನೆಮಾತೂ ಬೇರೆಯಾಗಿರುವ ಇಬ್ಬರು ಸಗೋತ್ರರಾಗಿರುವುದೂ ಉಂಟು. ದತ್ತಕವಾಗಿ ಬಂದು ಮನೆಯ ದೀಪವನ್ನು ಬೆಳಗಿದವರೂ ಉಂಟು.

ಶಬ್ದಗಳ ವಿಷಯದಲ್ಲಿಯೂ ಹೀಗೆಯೇ. ಎರಡು ಭಾಷೆಗಳ ಶಬ್ದಗಳು ಒಂದನ್ನೊಂದು ಹೋಲುವುದಕ್ಕೆ ಮೂರು ಕಾರಣಗಳಿರಬಹುದು. ಎರಡೂ ಒಂದೇ ಮೂಲದಿಂದ ಬಂದ ಸಗೋತ್ರ ಶಬ್ದಗಳಾಗಿರಬಹುದು. ಒಂದು ಭಾಷೆ ಮತ್ತೊಂದರಿಂದ ಪಡೆದ ದತ್ತಕ ಶಬ್ದವಾಗಿರಬಹುದು. ಅಥವಾ ಕೇವಲ ಹೆಸರಿನ ಹೋಲಿಕೆಯಾಗಿರಬಹುದು. ಈ ಮೂರರಲ್ಲಿ ಯಾವುದೆಂದು ನಿಶ್ಚಯಿಸದೆ ಹೋಲಿಕೆಯೊಂದನ್ನೇ ಹಿಡಿದು ಇತಿಹಾಸವನ್ನು ಕಟ್ಟುವುದು ಗೋತ್ರ ವಿಚಾರಿಸದೆ ವಿವಾಹ ನಿಶ್ಚಯಿಸಿದಂತೆ.

ಈ ವಿಚಾರವನ್ನು ಇಲ್ಲಿ ಎತ್ತಿಕೊಳ್ಳಲು ಒಂದು ಕಾರಣವಿದೆ. ಉತ್ಸವ ಕಾಲದ ಭಾಷಣಗಳಲ್ಲಿಯೂ ಮನೆಯ ಮಾತುಕತೆಗಳಲ್ಲಿಯೂ ‘ಆಸ್ಟ್ರೇಲಿಯಾ ಎಂದರೆ ಅಸ್ತ್ರಾಲಯ’, ‘ರಷ್ಯಾ ಎಂದರೆ ಋಷೀಯ’ ಎಂಬಂತಹ ಮಾತುಗಳು ಆಗಾಗ ಕೇಳಿಬರುತ್ತವೆ. ಕೇಳಿದ ಹುಡುಗನು ಹೆಮ್ಮೆಯಿಂದ ಶಾಲೆಯಲ್ಲಿ ಅದನ್ನು ಹೇಳುತ್ತಾನೆ. ಆಸ್ಟ್ರೇಲಿಯಾ ಎಂಬುದು ದಕ್ಷಿಣ ಎಂಬರ್ಥದ ಲ್ಯಾಟಿನ್ ಶಬ್ದದಿಂದ ಬಂದ ಹೆಸರೆಂದು ಅಲ್ಲಿ ತಿಳಿದಾಗ ನಗೆಪಾಟಲಾಗುತ್ತಾನೆ. ನಷ್ಟವು ಅಲ್ಲಿಗೇ ನಿಲ್ಲುವುದಿಲ್ಲ. ಸುಳ್ಳಿನೊಡನೆ ಬೆರೆಸಿ ಹೇಳಿದ ಸತ್ಯವನ್ನೂ ಅವನು ಮುಂದೆ ನಂಬುವುದಿಲ್ಲ. ಆದುದರಿಂದ ಸತ್ಯವಾದ ಬಾಂಧವ್ಯ ಯಾವುದು, ಅದನ್ನು ತಿಳಿಯುವ ಬಗೆ ಯಾವುದು ಎಂಬುದನ್ನು ಪ್ರಾಚೀನ ಏಷ್ಯಾ ಖಂಡದ ಕೆಲವು ಶಬ್ದಗಳ ಮೂಲಕ ವಿಚಾರಮಾಡೋಣ.

ಮನೆಯೊಳಗಿನ ಒಂದು ನಿಯಮ

ದೂರದ ವಿಷಯಕ್ಕೆ ಹೋಗುವ ಮುನ್ನ ನಮ್ಮ ಮನೆಮಾತಿನಲ್ಲಿಯೇ ಒಂದು ನಿದರ್ಶನವನ್ನು ನೋಡಬಹುದು. ಹಳಗನ್ನಡದ ಪಾಲ್ ಹೊಸಗನ್ನಡದಲ್ಲಿ ಹಾಲು ಆಯಿತು, ಪುಲಿ ಹುಲಿಯಾಯಿತು, ಪಾವು ಹಾವಾಯಿತು, ಪತ್ತು ಹತ್ತಾಯಿತು. ತಮಿಳಿನಲ್ಲಿ ಈಗಲೂ ಪಾಲ್, ಪುಲಿ, ಪಾಂಬು, ಪತ್ತು. ತೆಲುಗಿನಲ್ಲಿ ಪಾಲು, ಪುಲಿ, ಪಾಮು, ಪದಿ. ತುಳುವಿನಲ್ಲಿ ಹುಲಿಗೆ ಪಿಲಿ, ಹೂವಿಗೆ ಪೂ, ಹತ್ತಕ್ಕೆ ಪತ್ತ್. ಹೋಲಿಕೆ ಒಂದೆರಡು ಶಬ್ದಗಳಲ್ಲಿ ಮಾತ್ರವಲ್ಲ. ಉಳಿದ ಭಾಷೆಗಳಲ್ಲಿ ಪಕಾರವಿರುವ ಕಡೆಯಲ್ಲಿ ಹೊಸಗನ್ನಡದಲ್ಲಿ ಹಕಾರವು ಸಾಲುಸಾಲಾಗಿ ಬರುತ್ತದೆ. ಇದಕ್ಕೆ ಧ್ವನಿನಿಯಮವೆಂದು ಹೆಸರು. ದ್ರಾವಿಡ ಭಾಷೆಗಳು ಒಂದೇ ಗೋತ್ರದವೆಂದು 1816ರಲ್ಲಿ ಫ್ರಾನ್ಸಿಸ್ ಎಲ್ಲಿಸನೂ 1856ರಲ್ಲಿ ರಾಬರ್ಟ್ ಕಾಲ್ಡ್‌ವೆಲ್ಲನೂ ತೋರಿಸಿಕೊಟ್ಟುದು ಬಿಡಿ ಹೋಲಿಕೆಗಳಿಂದಲ್ಲ, ಇಂತಹ ಕ್ರಮಬದ್ಧವಾದ ಸಂಬಂಧಗಳಿಂದ.

ಈ ನಿಯಮದಿಂದ ಇನ್ನೊಂದು ಸ್ವಾರಸ್ಯವೂ ತಿಳಿಯುತ್ತದೆ. ಪಾಲ್ ಹಾಲಾಯಿತು, ಆದರೆ ಪಾಠವು ಹಾಠವಾಗಲಿಲ್ಲ, ಪೂಜೆಯು ಹೂಜೆಯಾಗಲಿಲ್ಲ. ಅವು ಸಂಸ್ಕೃತದಿಂದ ಬಂದು ತಮ್ಮ ರೂಪವನ್ನು ಕಾಪಾಡಿಕೊಂಡ ಶಬ್ದಗಳು. ಹಾಗಾದರೆ ‘ಹಬ್ಬ’ ಎಂಬುದೇನು? ಅದು ಸಂಸ್ಕೃತದ ‘ಪರ್ವ’ವೇ. ಪ್ರಾಕೃತದ ದಾರಿಯಿಂದ ಕನ್ನಡಕ್ಕೆ ಬಹಳ ಹಿಂದೆಯೇ ಬಂದು ಪಬ್ಬವಾಗಿ, ಮನೆಯ ಮಕ್ಕಳೊಡನೆ ತಾನೂ ಪಕಾರವನ್ನು ಬಿಟ್ಟು ಹಬ್ಬವಾಯಿತು. ಪಕ್ಷಿಯು ಹಕ್ಕಿಯಾದುದೂ ಹೀಗೆಯೇ. ಶಬ್ದವು ಸಗೋತ್ರವೋ ದತ್ತಕವೋ, ದತ್ತಕವಾದರೆ ಮೊದಲು ಬಂದುದೋ ಅನಂತರ ಬಂದುದೋ ಎಂಬುದನ್ನು ಅದರ ಧ್ವನಿಯೇ ಹೇಳುತ್ತದೆ.

ಸಗೋತ್ರರು : ವೇದಭಾಷೆ ಮತ್ತು ಅವೆಸ್ತಾ

ಇದೇ ಮಾನದಂಡವನ್ನು ಹಿಡಿದು ಈಗ ಇರಾನಿನ ಕಡೆಗೆ ಹೋಗೋಣ. ಪಾರಸಿಕರ ಪವಿತ್ರ ಗ್ರಂಥವಾದ ಅವೆಸ್ತಾ ಪ್ರಾಚೀನ ಇರಾನೀ ಭಾಷೆಯಲ್ಲಿದೆ. ಆಂಕೆತಿಲ್ ದ್ಯುಪೆರಾನ್ ಎಂಬ ಫ್ರೆಂಚ್ ವಿದ್ವಾಂಸನು ಸೂರತ್ತಿಗೆ ಬಂದು, ಅಲ್ಲಿಯ ಪಾರಸಿ ಪುರೋಹಿತರಿಂದ ಪಾಠ ಹೇಳಿಸಿಕೊಂಡು, 1771ರಲ್ಲಿ ಅದರ ಅನುವಾದವನ್ನು ಪ್ರಕಟಿಸಿದನು. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಒಂದೇ ಮೂಲದಿಂದ ಹೊರಟವೆಂದು ವಿಲಿಯಂ ಜೋನ್ಸನು ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ 1786ರಲ್ಲಿ ಸಾರಿದನು. ಪ್ರಾಚೀನ ಪಾರಸಿಕ ಭಾಷೆಯನ್ನೂ ಆ ಕುಟುಂಬಕ್ಕೆ ಸೇರಿಸಬಹುದೆಂದನು.

ವೇದಭಾಷೆಯನ್ನೂ ಅವೆಸ್ತಾದ ಭಾಷೆಯನ್ನೂ ಒತ್ತಟ್ಟಿಗೆ ಇಟ್ಟು ನೋಡಿದರೆ ನಿಯಮಗಳು ತಾವಾಗಿಯೇ ಕಾಣುತ್ತವೆ. ಸಂಸ್ಕೃತದಲ್ಲಿ ಸ್ವರದ ಹಿಂದೆ ಬರುವ ಸಕಾರಕ್ಕೆ ಅಲ್ಲಿ ಹಕಾರ : ಸಪ್ತ – ಹಪ್ತ, ಸೋಮ – ಹಓಮ, ಸೇನಾ – ಹಏನಾ, ಅಸುರ – ಅಹುರ. ನಮ್ಮ ಹಕಾರಕ್ಕೆ ಅಲ್ಲಿ ಅನೇಕ ಕಡೆ ‘ಜಮೀನು’ ಎನ್ನುವಾಗ ಉಚ್ಚರಿಸುವಂತಹ ಮೃದುವಾದ ಜಕಾರ : ಹಸ್ತ – ಜಸ್ತ, ಬಾಹು – ಬಾಜು, ಹೋತೃ – ಜಓತರ್, ಹಿರಣ್ಯ – ಜರಣ್ಯ. ನಮ್ಮ ಶಕಾರಕ್ಕೆ ಅಲ್ಲಿ ಸಕಾರ : ಶತ – ಸತ, ಶರದ್ – ಸರದ್.

ಕೇವಲ ಶಬ್ದಗಳಲ್ಲ, ಶಬ್ದಗಳ ಹಿಂದಿನ ಆಚಾರಗಳೂ ಜೊತೆಯಾಗಿ ನಿಲ್ಲುತ್ತವೆ. ಯಜ್ಞಕ್ಕೆ ಅವರಲ್ಲಿ ಯಸ್ನ. ಯಜ್ಞದಲ್ಲಿ ನಮಗೆ ಸೋಮ, ಅವರಿಗೆ ಹಓಮ. ನಮಗೆ ಹೋತೃ, ಅವರಿಗೆ ಜಓತರ್. ನಮಗೆ ಅಥರ್ವನ್, ಅವರಿಗೂ ಆಥ್ರವನ್. ಮಿತ್ರನು ಅಲ್ಲಿ ಮಿಥ್ರ. ವಿವಸ್ವಂತನ ಮಗನಾದ ಯಮನು ಅಲ್ಲಿ ವೀವಂಹ್ವಂತನ ಮಗನಾದ ಯಿಮ. ತಂದೆ ಮಕ್ಕಳ ಹೆಸರುಗಳು ಕೂಡಿ ಹೊಂದಿದಾಗ ಅದನ್ನು ಆಕಸ್ಮಿಕವೆನ್ನಲು ಬಾಯಿ ಬಾರದು. ಪಾರಸಿ ಬಾಲಕ ಬಾಲಿಕೆಯರಿಗೆ ನವಜೋತ್ ಸಂಸ್ಕಾರದಲ್ಲಿ ಕಸ್ತಿ ಎಂಬ ಪವಿತ್ರ ದಾರವನ್ನು ನಡುವಿಗೆ ಕಟ್ಟುತ್ತಾರೆ. ಉಪನಯನವನ್ನು ಬಲ್ಲವರಿಗೆ ಅದು ತೀರ ಅಪರಿಚಿತವೆನಿಸದು.

ಆದರೆ ಸಗೋತ್ರರಲ್ಲಿಯೂ ಭಿನ್ನಾಭಿಪ್ರಾಯಗಳುಂಟು. ಅವೆಸ್ತಾದಲ್ಲಿ ಅಹುರ ಮಜ್ದಾ ಪರಮ ದೈವ. ದಏವರು, ಎಂದರೆ ದೇವರು ಎಂಬ ಶಬ್ದದ ಬಂಧುಗಳು, ದುಷ್ಟಶಕ್ತಿಗಳು. ನಮ್ಮಲ್ಲಿ ಇದಕ್ಕೆ ವಿರುದ್ಧ. ಆದರೂ ಋಕ್ಸಂಹಿತೆಯಲ್ಲಿ ವರುಣ, ಇಂದ್ರ, ಅಗ್ನಿ, ಸವಿತೃಗಳನ್ನು ಅಸುರನೆಂದು ಸ್ತುತಿಸಿರುವುದು ಪಾಠ ಹೇಳಿಕೊಂಡವರಿಗೆ ತಿಳಿದೇ ಇದೆ. ಒಡೆಯ, ಪ್ರಾಣಬಲವುಳ್ಳವನು ಎಂಬುದು ಆ ಸ್ಥಳಗಳಲ್ಲಿ ಅದರ ಅರ್ಥ. ದೇವಶತ್ರು ಎಂಬ ಅರ್ಥವು ಮುಂದೆ ಪ್ರಬಲವಾಯಿತು. ಅಕಾರವನ್ನು ನಿಷೇಧಾರ್ಥಕವೆಂದು ಭಾವಿಸಿ ಅದನ್ನು ತೆಗೆದುದರಿಂದ ‘ಸುರ’ ಶಬ್ದವು ಬಳಕೆಗೆ ಬಂದಿತೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಒಂದೇ ಶಬ್ದವು ಎರಡು ಮನೆಗಳಲ್ಲಿ ಎರಡು ಬಗೆಯ ಗೌರವವನ್ನು ಪಡೆದುದು ಸತ್ಯ. ಆದರೆ ಇಷ್ಟರಿಂದಲೇ ಇರಾನಿನವರೇ ಪುರಾಣದ ಅಸುರರು, ಅವರೊಡನೆ ಯುದ್ಧ ನಡೆದಿತ್ತು ಎಂದು ಕಥೆ ಕಟ್ಟುವುದು ಸಲ್ಲದು. ಶಬ್ದವು ಅಷ್ಟನ್ನು ಹೇಳುವುದಿಲ್ಲ. ಅಸ್ಸೀರಿಯಾ ದೇಶದ ಅಶ್ಶೂರ್ ಎಂಬ ಹೆಸರೇ ಅಸುರ ಎನ್ನುವವರೂ ಉಂಟು. ಅಲ್ಲಿ ಕಾಣುವುದು ಹೋಲಿಕೆ ಮಾತ್ರ. ಅಹುರ ಶಬ್ದದೊಡನಿರುವಂತಹ ನಿಯಮಬದ್ಧ ಸಂಬಂಧವು ಅಲ್ಲಿಲ್ಲ.

ಸಂಸ್ಕೃತವು ಅವೆಸ್ತಾದ ಭಾಷೆಗೆ ತಾಯಿಯೇ ಎಂದು ಕೆಲವರು ಕೇಳಬಹುದು. ಭಾಷಾಶಾಸ್ತ್ರಜ್ಞರ ನಿರ್ಣಯದಂತೆ ಇವರಿಬ್ಬರೂ ಅಕ್ಕತಂಗಿಯರು. ಅದಕ್ಕೆ ಆಧಾರವೂ ಇದೆ. ನಮ್ಮ ‘ಮೇಧಾ’ ಶಬ್ದವೇ ಅಲ್ಲಿಯ ‘ಮಜ್ದಾ’. ಸಂಸ್ಕೃತದಲ್ಲಿ ಏಕಾರದೊಳಗೆ ಕರಗಿಹೋದ ಒಂದು ವ್ಯಂಜನವು ಅಲ್ಲಿ ಇನ್ನೂ ಕೇಳಿಸುತ್ತದೆ. ಮಗಳಲ್ಲಿರುವ ಹಳೆಯ ಒಡವೆ ತಾಯಿಯಲ್ಲಿಲ್ಲದಿದ್ದರೆ, ಅದು ಇಬ್ಬರಿಗೂ ಅಜ್ಜಿಯಿಂದ ಬಂದುದೆನ್ನಬೇಕಾಗುತ್ತದೆ. ಇದರಿಂದ ಸಂಸ್ಕೃತಕ್ಕೆ ಯಾವ ಕುಂದೂ ಇಲ್ಲ. ಪದ, ಕ್ರಮ, ಜಟಾ, ಘನಗಳ ಮೂಲಕ ಸ್ವರ ಸಹಿತವಾಗಿ ಮಂತ್ರವನ್ನು ಬಾಯಿಂದ ಬಾಯಿಗೆ ಕಾಪಾಡಿದವರು ನಮ್ಮ ಪೂರ್ವಿಕರು. ಆ ರಕ್ಷಣೆಯಿಲ್ಲದಿದ್ದರೆ ಇಂದು ಈ ಹೋಲಿಕೆಯನ್ನು ಮಾಡುವುದಕ್ಕೇ ಯಾರಿಗೂ ಸಾಧ್ಯವಾಗುತ್ತಿರಲಿಲ್ಲ.

‘ಹಿಂದು’ ಶಬ್ದವನ್ನು ಇಲ್ಲಿಯೇ ವಿಚಾರಿಸಬಹುದು. ಇದು ಪರಕೀಯರ ಬೈಗುಳವೆನ್ನುವವರಿದ್ದಾರೆ. ಹೀನವನ್ನು ದೂಷಿಸುವವನು ಹಿಂದು ಎಂದು ಪದವನ್ನು ಬಿಡಿಸಿ ಹೇಳುವವರೂ ಇದ್ದಾರೆ. ಇವೆರಡೂ ಬೇಕಾಗಿಲ್ಲ. ಸಕಾರ ಹಕಾರಗಳ ನಿಯಮವೇ ಸಾಕು. ನಮ್ಮ ಸಪ್ತಸಿಂಧು ಅವೆಸ್ತಾದ ವೆಂದಿದಾದ್ ಭಾಗದಲ್ಲಿ ಹಪ್ತ ಹಿಂದು ಎಂದು ಬಂದಿದೆ. ಕ್ರಿ.ಪೂ. 522ರಿಂದ 486ರವರೆಗೆ ಆಳಿದ ಪಾರಸಿಕ ಚಕ್ರವರ್ತಿ ದಾರಯವಹುವಿನ, ಎಂದರೆ ಡೇರಿಯಸನ, ನಕ್ಷೆ ರುಸ್ತುಮ್ ಶಾಸನದಲ್ಲಿ ಅವನ ಅಧೀನ ದೇಶಗಳ ಸಾಲಿನಲ್ಲಿ ಹಿಂದುಷ್ ಎಂಬ ಹೆಸರಿದೆ. ಗ್ರೀಕರ ಬಾಯಲ್ಲಿ ಹಕಾರವೂ ಬಿದ್ದುಹೋಗಿ ಇಂದೋಸ್ ಆಯಿತು, ಅದರಿಂದ ಇಂಡಿಯಾ. ನದಿಯ ಹೆಸರು ದೇಶದ ಹೆಸರಾಯಿತು, ದೇಶದ ಹೆಸರು ಜನರ ಹೆಸರಾಯಿತು.

ಕಚೇರಿಯ ಮಾತಿನಲ್ಲಿ ಅಡಗಿದ ಬಂಧುಗಳು

ಈ ಬಾಂಧವ್ಯದ ಗುರುತುಗಳನ್ನು ನಾವು ದಿನವೂ ಆಡುತ್ತಿದ್ದೇವೆ. ಇರಾನಿನ ಪ್ರಾಚೀನ ಭಾಷೆಯ ಸಂತತಿಯೇ ಪಾರಸಿ. ಸುಲ್ತಾನರ, ಮೊಗಲರ, ಮರಾಠರ ಆಡಳಿತಗಳ ಮೂಲಕ ಅದರ ಅನೇಕ ಶಬ್ದಗಳು ಕನ್ನಡಕ್ಕೆ ಬಂದವು. ಕನ್ನಡಕ್ಕೆ ಅವು ದತ್ತಕಗಳು. ಸಂಸ್ಕೃತಕ್ಕೆ ಮಾತ್ರ ಸಗೋತ್ರರು.

ಸಾಲದ ‘ಹಪ್ತೆ’ ಕಟ್ಟುತ್ತೇವೆ. ಪಾರಸಿಯಲ್ಲಿ ಹಫ್ತಾ ಎಂದರೆ ವಾರ, ಏಳು ದಿನ; ಹಫ್ತ್ ಎಂದರೆ ನಮ್ಮ ಸಪ್ತವೇ. ‘ದಸ್ತಗಿರಿ’ ಎಂಬುದರಲ್ಲಿ ದಸ್ತ್ ಎಂದರೆ ಹಸ್ತ. ಗಿರಿ ಎಂಬುದು ಗ್ರಹಣ ಶಬ್ದದ ಬಂಧು. ಕೈ ಹಿಡಿಯುವುದು ಎಂದರ್ಥ. ಹೆಂಗಸರ ‘ಬಾಜೂಬಂದಿ’ಯು ಬಾಹುಬಂಧವೇ ಹೊರತು ಬೇರೆಯಲ್ಲ. ‘ಅಬಕಾರಿ’ಯ ಆಬ್ ಎಂದರೆ ನೀರು; ಸಂಧ್ಯಾವಂದನೆಯಲ್ಲಿ ಮಾರ್ಜನಕ್ಕೆ ಬರುವ ‘ಆಪಃ’ ಎಂಬ ಪವಿತ್ರ ಶಬ್ದದ ಬಂಧು. ಒಂದೇ ಕುಲದವರಲ್ಲಿ ಒಬ್ಬನು ದೇವಸ್ಥಾನದಲ್ಲಿದ್ದು ಇನ್ನೊಬ್ಬನು ಹೆಂಡದ ಗುತ್ತಿಗೆಯಲ್ಲಿದ್ದರೂ ಗೋತ್ರವು ಬದಲಾಗುವುದಿಲ್ಲವಷ್ಟೆ!

ಪಾರಸಿಯಲ್ಲಿ ರಕಾರ ದಕಾರಗಳು ಕೂಡಿದಲ್ಲಿ ಲಕಾರವಾಗುವ ನಿಯಮವೊಂದಿದೆ. ಹೃದ್ ಎಂಬುದರ ಬಂಧು ಅಲ್ಲಿ ದಿಲ್. ಶರದ್ ಎಂಬುದರ ಬಂಧು ಸಾಲ್, ಎಂದರೆ ವರ್ಷ. ನೂರು ವರ್ಷ ಬಾಳೆಂದು ಹರಸುವ ಮಂತ್ರಗಳಲ್ಲಿ ಶರತ್ತನ್ನೇ ವರ್ಷವಾಗಿ ಎಣಿಸಿರುವುದನ್ನು ಸ್ಮರಿಸಬಹುದು. ಆಯವ್ಯಯದ ಕಾಗದಗಳಲ್ಲಿ ‘ಪ್ರಸಕ್ತ ಸಾಲಿನಲ್ಲಿ’ ಎಂದು ಬರೆಯುವಾಗಿನ ಸಾಲು ಈ ಸಾಲ್ ಶಬ್ದವೇ. ಆದರೆ ಮರಗಳ ‘ಸಾಲು’ ಅಚ್ಚಕನ್ನಡದ್ದು. ಇವೆರಡಕ್ಕೂ ಯಾವ ಸಂಬಂಧವೂ ಇಲ್ಲ. ಒಂದೇ ಬೀದಿಯ ಇಬ್ಬರು ರಾಘವೇಂದ್ರರು! ಹೋಲಿಕೆಯು ಎಷ್ಟು ಸುಲಭವಾಗಿ ಮೋಸಗೊಳಿಸುವುದೆಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕಿಲ್ಲ.

ಮಣ್ಣಿನ ಹಲಗೆಗಳ ಸಾಕ್ಷ್ಯ

ಇನ್ನೂ ಪಶ್ಚಿಮಕ್ಕೆ ಹೋದರೆ ಇಂದಿನ ತುರ್ಕಿ ದೇಶದಲ್ಲಿ ಬೋಗಜ್‌ಕೊಯ್ ಎಂಬ ಊರಿದೆ. ಪ್ರಾಚೀನ ಹಿಟ್ಟೈಟ್ ರಾಜರ ರಾಜಧಾನಿ ಹತ್ತೂಶವು ಅಲ್ಲಿಯೇ ಇದ್ದಿತು. ಹ್ಯೂಗೋ ವಿಂಕ್ಲರ್ ಎಂಬ ಜರ್ಮನ್ ವಿದ್ವಾಂಸನು 1906ರಿಂದ ಅಲ್ಲಿ ನಡೆಸಿದ ಉತ್ಖನನದಲ್ಲಿ ಬೆಣೆಯಾಕಾರದ ಲಿಪಿಯಲ್ಲಿ ಬರೆದ ಮಣ್ಣಿನ ಹಲಗೆಗಳು ಸಾವಿರಾರು ದೊರೆತವು. ಅವುಗಳಲ್ಲಿ ಕ್ರಿ.ಪೂ. 14ನೆಯ ಶತಮಾನದ ಒಂದು ಸಂಧಿಪತ್ರವಿದೆ. ಹಿಟ್ಟೈಟ್ ರಾಜ ಸುಪ್ಪಿಲುಲಿಯುಮನಿಗೂ ಮಿತನ್ನಿ ರಾಜ ಶತ್ತಿವಾಜನಿಗೂ ಆದ ಒಪ್ಪಂದವದು. ಮಾತಿಗೆ ತಪ್ಪದಂತೆ ಎರಡು ಕಡೆಯ ದೇವತೆಗಳನ್ನೂ ಸಾಕ್ಷಿಯಾಗಿ ಕರೆದಿದ್ದಾರೆ. ಮಿತನ್ನಿಯ ಕಡೆಯ ಅನೇಕ ದೇವತೆಗಳ ನಡುವೆ ನಾಲ್ಕು ಹೆಸರುಗಳು ಒಟ್ಟಾಗಿ ಬರುತ್ತವೆ : ಮಿತ್ರ, ವರುಣ, ಇಂದ್ರ, ನಾಸತ್ಯರು. ನಾಸತ್ಯರೆಂದರೆ ಅಶ್ವಿನೀದೇವತೆಗಳೆಂದು ಬೇರೆ ಹೇಳಬೇಕಾಗಿಲ್ಲ.

ಅದೇ ಸ್ಥಳದಲ್ಲಿ ದೊರೆತ ಇನ್ನೊಂದು ಗ್ರಂಥವು ಮಿತನ್ನಿಯ ಕಿಕ್ಕುಲಿ ಎಂಬ ಅಶ್ವಶಿಕ್ಷಕನದು. ರಥದ ಕುದುರೆಗಳನ್ನು ಪಳಗಿಸುವ ಕ್ರಮ ಅದರ ವಿಷಯ. ಸುತ್ತು ಹಾಕಿಸುವ ಲೆಕ್ಕದಲ್ಲಿ ಐಕ, ತೇರ, ಪಂಜ, ಸತ್ತ ಎಂಬ ಸಂಖ್ಯೆಗಳೂ ‘ವರ್ತನ್ನ’ ಎಂಬ ಶಬ್ದವೂ ಬರುತ್ತವೆ : ಏಕ, ತ್ರಿ, ಪಂಚ, ಸಪ್ತ, ವರ್ತನ. ಇಲ್ಲಿ ‘ಐಕ’ ಎಂಬ ರೂಪವು ಮಹತ್ತ್ವದ್ದು. ಇರಾನೀ ಭಾಷೆಗಳಲ್ಲಿ ಒಂದಕ್ಕೆ ಅಇವ ಎನ್ನುತ್ತಾರೆ. ಕಕಾರವಿರುವುದು ನಮ್ಮ ಕವಲಿನಲ್ಲಿ ಮಾತ್ರ. ಗುಣಸಂಧಿಯಲ್ಲಿ ಅಕಾರ ಇಕಾರಗಳು ಕೂಡಿ ಏಕಾರವಾಗುವುದನ್ನು ವ್ಯಾಕರಣದಲ್ಲಿ ಓದುತ್ತೇವೆ. ಆ ಎರಡು ಸ್ವರಗಳು ಇನ್ನೂ ಬೇರೆಬೇರೆಯಾಗಿ ಕೇಳಿಸುತ್ತಿದ್ದ ಹಳೆಯ ರೂಪವು ಮಣ್ಣಿನಲ್ಲಿ ಉಳಿದುಬಂದಿದೆ. ಇರಾಕಿನ ನೂಜಿ ಎಂಬಲ್ಲಿ ದೊರೆತ ಹಲಗೆಗಳಲ್ಲಿ ಕುದುರೆಗಳ ಬಣ್ಣಕ್ಕೆ ಬಬ್ರು, ಪರಿತ, ಪಿಂಕರ ಎಂದಿದೆ; ಬಭ್ರು, ಪಲಿತ, ಪಿಂಗಲ ಶಬ್ದಗಳನ್ನು ಬಲ್ಲವರಿಗೆ ವ್ಯಾಖ್ಯಾನ ಬೇಡ.

ಇಷ್ಟು ಸಾಕ್ಷ್ಯ ದೊರೆತಾಗ ಹೃದಯವು ಹಿಗ್ಗುವುದು ಸಹಜ. ಆದರೆ ಇಲ್ಲಿಯೂ ಅಳತೆ ಮೀರಬಾರದು. ಮಿತನ್ನಿಯ ಸಾಮಾನ್ಯ ಜನರ ಮಾತು ಹುರ್ರಿಯನ್ ಎಂಬ ಬೇರೊಂದು ಗೋತ್ರದ ಭಾಷೆ. ಕೆಲವು ರಾಜರ ಹೆಸರುಗಳು, ದೇವತೆಗಳ ನಾಮಗಳು, ರಥ ಕುದುರೆಗಳಿಗೆ ಸಂಬಂಧಿಸಿದ ಮಾತುಗಳು ಇವಿಷ್ಟೇ ನಮ್ಮ ಕವಲಿಗೆ ಸೇರಿದವು. ಆದುದರಿಂದ ಆ ದೇಶವೆಲ್ಲ ವೈದಿಕವಾಗಿತ್ತೆಂದು ಹೇಳಲಾಗದು. ಹಲಗೆಯು ಕ್ರಿ.ಪೂ. 14ನೆಯ ಶತಮಾನದ್ದಾದ ಮಾತ್ರಕ್ಕೆ ಆ ನಾಮಗಳು ಆಗಲೇ ಹುಟ್ಟಿದವೆನ್ನುವುದೂ ತಪ್ಪು. ಪಂಚಾಯತಿಯ ಪುಸ್ತಕದಲ್ಲಿ ಹೆಸರು ಬರೆಸಿದ ದಿನವು ಮನುಷ್ಯನು ಹುಟ್ಟಿದ ದಿನವಲ್ಲ. ಆ ಶತಮಾನಕ್ಕೆ ಮುಂಚೆಯೇ ಆ ನಾಮಗಳು ಪೂಜ್ಯವಾಗಿದ್ದುವೆಂಬುದಷ್ಟೇ ಸಿದ್ಧ. ಅದೇ ಸಣ್ಣ ಮಾತಲ್ಲ.

ದತ್ತಕ ಶಬ್ದಗಳು

ಇನ್ನು ಕೊಟ್ಟು ಕೊಂಡ ಶಬ್ದಗಳ ವಿಚಾರ. ಇವುಗಳಲ್ಲಿ ಧ್ವನಿನಿಯಮಕ್ಕಿಂತ ಹೆಚ್ಚಾಗಿ ಶಬ್ದವು ನಡೆದುಬಂದ ದಾರಿಯನ್ನು ಹುಡುಕಬೇಕು. ಅದೇ ಅದರ ಪ್ರವರ. ಸಂಸ್ಕೃತದ ‘ಧ್ಯಾನ’ವು ಪ್ರಾಕೃತದಲ್ಲಿ ಝಾನವಾಯಿತು. ಬೌದ್ಧ ಭಿಕ್ಷುಗಳೊಡನೆ ಚೀನಾ ದೇಶಕ್ಕೆ ಹೋಗಿ ಚಾನ್‌ನಾ ಎಂದಾಗಿ, ಮೊಟಕಾಗಿ ಚಾನ್ ಎಂದು ನಿಂತಿತು. ಅಲ್ಲಿಂದ ಜಪಾನಿಗೆ ಸಾಗಿ ಝೆನ್ ಆಯಿತು. ‘ಝೆನ್’ ‘ಧ್ಯಾನ’ ಇವೆರಡನ್ನೇ ಎದುರೆದುರು ಇಟ್ಟರೆ ಯಾರೂ ನಂಬರು; ನಡುವಿನ ಋಷಿಗಳ ಹೆಸರು ಹೇಳಿದರೆ ಸಂಶಯವೇ ಉಳಿಯದು. ಶಬ್ದದೊಡನೆ ವಿದ್ಯೆಯೂ ಹೋಯಿತು. ಸಿದ್ಧಂ ಲಿಪಿಯಲ್ಲಿ ಸಂಸ್ಕೃತವನ್ನು ಅಭ್ಯಾಸಮಾಡಿದ ಜಪಾನಿನ ಭಿಕ್ಷುಗಳ ಪ್ರಭಾವದಿಂದ ಅಲ್ಲಿಯ ಅಕ್ಷರಮಾಲೆಯ ಕ್ರಮವು ಇಂದಿಗೂ ಅ, ಕ, ಸ, ತ, ನ, ಹ, ಮ, ಯ, ರ, ವ ಎಂದೇ ಸಾಗುತ್ತದೆ. ಅಲ್ಲಿಯ ಹಕಾರವು ಹಿಂದೆ ಪಕಾರವಾಗಿತ್ತೆಂದು ತಿಳಿದರೆ, ನಮ್ಮ ಮಕ್ಕಳು ಮಣೆಯ ಮೇಲೆ ಕುಳಿತು ತಿದ್ದುವ ವರ್ಗಕ್ರಮವೇ ಅದೆಂಬುದು ಸ್ಪಷ್ಟವಾಗುತ್ತದೆ.

ನಾವು ಕೊಟ್ಟುದನ್ನು ಹೇಳಿ ಪಡೆದುದನ್ನು ಮರೆಮಾಚುವುದು ನ್ಯಾಯವಲ್ಲ. ಪಂಚಾಂಗ ಜಾತಕಗಳಲ್ಲಿ ದಿನವೂ ಬಳಸುವ ‘ಹೋರಾ’ ಶಬ್ದವು ಗ್ರೀಕರಿಂದ ಬಂದುದು. ಅಹೋರಾತ್ರ ಶಬ್ದದ ಮೊದಲ ಮತ್ತು ಕಡೆಯ ಅಕ್ಷರಗಳನ್ನು ತೆಗೆದರೆ ಹೋರಾ ಆಗುವುದೆಂದು ಕೆಲವರು ಹೇಳುತ್ತಾರೆಂದು ವರಾಹಮಿಹಿರನು ತನ್ನ ಬೃಹಜ್ಜಾತಕದಲ್ಲಿ ತಿಳಿಸಿದ್ದಾನೆ. ಆದರೆ ಕೇಂದ್ರ, ದ್ರೇಕ್ಕಾಣ, ಲಿಪ್ತಾ ಎಂಬ ಶಬ್ದಗಳೂ ಮೇಷಕ್ಕೆ ಕ್ರಿಯ, ವೃಷಭಕ್ಕೆ ತಾವುರಿ ಎಂಬ ಹೆಸರುಗಳೂ ಅದೇ ಶಾಸ್ತ್ರದಲ್ಲಿ ಗ್ರೀಕ್ ಮೂಲದಿಂದಲೇ ಬಂದಿರುವಾಗ ಹೋರಾ ಒಂದನ್ನೇ ಬೇರೆಮಾಡುವುದು ಹೇಗೆ? ಆರನೆಯ ಶತಮಾನದ ಆ ಮಹಾಜ್ಯೋತಿಷಿಗೆ ಇದರಿಂದ ಸಂಕೋಚವೇನೂ ಆಗಲಿಲ್ಲ. ಯವನರು ಮ್ಲೇಚ್ಛರಾದರೂ ಈ ಶಾಸ್ತ್ರವು ಅವರಲ್ಲಿ ನೆಲೆಗೊಂಡಿರುವುದರಿಂದ ಅವರೂ ಋಷಿಗಳಂತೆ ಪೂಜ್ಯರೆಂದು ಬೃಹತ್ಸಂಹಿತೆಯಲ್ಲಿ ಅವನು ಮುಕ್ತಕಂಠದಿಂದ ಹೇಳಿದ್ದಾನೆ. ನಾವು ‘ಕೇಂದ್ರ ಸರ್ಕಾರ’ ಎನ್ನುವಾಗ ಮೊದಲ ಶಬ್ದವು ಗ್ರೀಸಿನಿಂದ ಸಂಸ್ಕೃತದ ಮೂಲಕ, ಎರಡನೆಯದು ಇರಾನಿನಿಂದ ಬಂದುದು. ಅದರಿಂದ ಅದು ನಮ್ಮದಾಗದೆ ಹೋಗಲಿಲ್ಲ.

ಪೂರ್ವಿಕರ ಎಚ್ಚರಿಕೆ

ಮನಬಂದಂತೆ ಪದವನ್ನು ಬಿಡಿಸಬಾರದೆಂಬುದು ಪಾಶ್ಚಾತ್ಯರು ಬಂದ ಮೇಲೆ ನಾವು ಕಲಿತ ಪಾಠವೆಂದು ಯಾರೂ ಭಾವಿಸಬಾರದು. ಪೂರ್ವಮೀಮಾಂಸೆಯ ಮೊದಲ ಅಧ್ಯಾಯದ ಮೂರನೆಯ ಪಾದದಲ್ಲಿ ಈ ವಿಚಾರಕ್ಕೇ ಒಂದು ಅಧಿಕರಣವಿದೆ. ಪಿಕ, ನೇಮ, ಸತ, ತಾಮರಸ ಎಂಬ ಶಬ್ದಗಳು ಆರ್ಯರ ಬಳಕೆಯಲ್ಲಿ ಪ್ರಸಿದ್ಧವಲ್ಲ, ಮ್ಲೇಚ್ಛರಲ್ಲಿ ಪ್ರಸಿದ್ಧ. ವೈದಿಕ ವಾಕ್ಯದಲ್ಲಿ ಇವು ಬಂದಾಗ ನಿರುಕ್ತ ವ್ಯಾಕರಣಗಳ ಬಲದಿಂದ ಹೊಸ ಅರ್ಥವನ್ನು ಕಲ್ಪಿಸಬೇಕೋ, ಮ್ಲೇಚ್ಛರಲ್ಲಿರುವ ಅರ್ಥವನ್ನೇ ಸ್ವೀಕರಿಸಬೇಕೋ ಎಂಬುದು ಸಂಶಯ. ಅವರಲ್ಲಿ ರೂಢವಾಗಿರುವ ಅರ್ಥವನ್ನೇ ಸ್ವೀಕರಿಸಬೇಕೆಂದು ಶಬರಸ್ವಾಮಿಗಳ ಭಾಷ್ಯದಲ್ಲಿ ಸಿದ್ಧಾಂತ. ಹೀಗೆ ಪಿಕವೆಂದರೆ ಕೋಗಿಲೆ, ನೇಮವೆಂದರೆ ಅರ್ಧ, ತಾಮರಸವೆಂದರೆ ತಾವರೆ.

ಇದನ್ನು ವಿವರಿಸುತ್ತ ಕುಮಾರಿಲಭಟ್ಟರು ತಂತ್ರವಾರ್ತಿಕದಲ್ಲಿ ದ್ರಾವಿಡ ಶಬ್ದಗಳನ್ನೇ ನಿದರ್ಶನವಾಗಿ ಕೊಟ್ಟಿದ್ದಾರೆ. ದ್ರಾವಿಡರು ಅನ್ನಕ್ಕೆ ಚೋರ್ ಎನ್ನುತ್ತಾರೆ; ಸಂಸ್ಕೃತವನ್ನು ಬಲ್ಲ ಕೆಲವರು ಅದಕ್ಕೆ ಪ್ರತ್ಯಯ ಹಚ್ಚಿ ಚೋರವೆಂದು, ಎಂದರೆ ಕಳ್ಳನೆಂದು ಮಾಡುತ್ತಾರೆ. ಹಾವಿಗೆ ಹೇಳುವ ಪಾಂಪ್ ಶಬ್ದವನ್ನು ಪಾಪವೆಂದೂ, ಹೊಟ್ಟೆಗೆ ಹೇಳುವ ವೈರ್ ಶಬ್ದವನ್ನು ವೈರಿಯೆಂದೂ ತಿರುಗಿಸುತ್ತಾರೆ. ದ್ರಾವಿಡ ಭಾಷೆಯಲ್ಲಿಯೇ ಹೀಗಾದರೆ ಪಾರಸಿಕ, ಯವನ ಮೊದಲಾದ ಭಾಷೆಗಳಲ್ಲಿ ಇವರು ಇನ್ನೇನನ್ನು ಕಲ್ಪಿಸಿಯಾರು ಎಂದು ಅವರು ಆಕ್ಷೇಪಿಸುತ್ತಾರೆ. ಏಳನೆಯ ಶತಮಾನದ ಈ ಮಾತಿನ ಮುಂದೆ ಇಂದಿನ ‘ಅಸ್ತ್ರಾಲಯ’ವನ್ನು ಇಟ್ಟು ನೋಡಿದರೆ ವ್ಯಾಧಿಯೂ ಹಳೆಯದು, ಔಷಧವೂ ಹಳೆಯದು ಎಂದು ತಿಳಿಯುತ್ತದೆ. ಅವರು ಎತ್ತಿದ ಪಾಂಪ್ ಶಬ್ದವೇ ನಮ್ಮ ಪಾವು, ಇಂದಿನ ಹಾವು.

ನಿರ್ವಚನ ಬೇರೆ, ಇತಿಹಾಸ ಬೇರೆ

ಇಲ್ಲಿ ಆಸ್ತಿಕ ಬಂಧುಗಳಿಗ ಒಂದು ಶಂಕೆ ಬರಬಹುದು. ಯಾಸ್ಕರು ಒಂದೊಂದು ಶಬ್ದಕ್ಕೆ ಎರಡು ಮೂರು ನಿರ್ವಚನಗಳನ್ನು ಕೊಟ್ಟಿದ್ದಾರೆ. ಅಸುರ ಶಬ್ದಕ್ಕೂ ಹಾಗೆಯೇ ಕೊಟ್ಟಿದ್ದಾರೆ. ಶ್ರೀಮದಾಚಾರ್ಯರು ಋಕ್ಸಂಹಿತೆಯ ಮೊದಲ ನಲವತ್ತು ಸೂಕ್ತಗಳಿಗೆ ಭಾಷ್ಯ ರಚಿಸಿ, ಅಗ್ನಿ ಇಂದ್ರಾದಿ ಶಬ್ದಗಳು ಆಯಾ ದೇವತೆಗಳನ್ನು ಹೇಳುತ್ತಲೇ ಮುಖ್ಯವೃತ್ತಿಯಿಂದ ಶ್ರೀಹರಿಯನ್ನು ಹೇಳುತ್ತವೆಂದು ತೋರಿಸಿದ್ದಾರೆ. ಹಾಗಾದರೆ ಅದೂ ಮನಬಂದಂತೆ ಪದ ಬಿಡಿಸಿದಂತಾಗಲಿಲ್ಲವೇ?

ಆಗಲಿಲ್ಲ. ಪ್ರಶ್ನೆಯೇ ಬೇರೆ. ಈ ಶಬ್ದವು ಯಾವ ಊರಿನಿಂದ, ಯಾವ ಕಾಲದಲ್ಲಿ, ಯಾರ ಬಾಯಿಂದ ಬಂದಿತು ಎಂಬುದು ಇತಿಹಾಸದ ಪ್ರಶ್ನೆ. ಅದಕ್ಕೆ ಉತ್ತರ ಒಂದೇ ಇರಲು ಸಾಧ್ಯ. ಈ ಶಬ್ದವು ಯಾವ ಯಾವ ಗುಣಗಳನ್ನು ಹೇಳಬಲ್ಲದು ಎಂಬುದು ನಿರ್ವಚನದ ಪ್ರಶ್ನೆ. ಗುಣಗಳು ಅನಂತವಾದಲ್ಲಿ ಉತ್ತರಗಳೂ ಅನೇಕ. ಒಬ್ಬ ಮನುಷ್ಯನಿಗೆ ಹುಟ್ಟಿದ ಗೋತ್ರ ಒಂದೇ. ಹೊಗಳಲು ಗುಣಗಳು ಹಲವು. ಯಾಸ್ಕರು ಒಂದೇ ಶಬ್ದಕ್ಕೆ ಹಲವು ನಿರ್ವಚನಗಳನ್ನು ಹೇಳಿದುದೇ ಅವರು ಶಬ್ದದ ಜನ್ಮಪತ್ರಿಕೆಯನ್ನು ಬರೆಯುತ್ತಿರಲಿಲ್ಲ, ಅರ್ಥವನ್ನು ತೆರೆದು ತೋರಿಸುತ್ತಿದ್ದರೆಂಬುದಕ್ಕೆ ಸಾಕ್ಷಿ. ನಿರ್ವಚನವನ್ನು ಇತಿಹಾಸವೆಂದು ಸಾಧಿಸಹೊರಟರೆ ಇತಿಹಾಸವೂ ಕೆಡುತ್ತದೆ, ನಿರ್ವಚನದ ಗೌರವವೂ ಹೋಗುತ್ತದೆ. ಬೋಗಜ್‌ಕೊಯ್‌ನ ಹಲಗೆ ಸಿಕ್ಕಿತೆಂದು ಇಂದ್ರ ಶಬ್ದದ ಮಹಿಮೆ ಹೆಚ್ಚಲಿಲ್ಲ, ಸಿಗದಿದ್ದರೂ ಕಡಿಮೆಯಾಗುತ್ತಿರಲಿಲ್ಲ.

ಕೇಳಬೇಕಾದ ನಾಲ್ಕು ಪ್ರಶ್ನೆಗಳು

ಆದುದರಿಂದ ಮುಂದೆ ಯಾರಾದರೂ ಒಂದು ಶಬ್ದದ ಮೂಲವನ್ನು ಹೇಳಿದಾಗ ಮನೆಯ ಹಿರಿಯರೂ ಮಕ್ಕಳೂ ಕೂಡಿ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಬಹುದು.

ಮೊದಲನೆಯದು : ಆ ಶಬ್ದದ ಅತ್ಯಂತ ಹಳೆಯ ರೂಪ ಯಾವುದು? ಹಾವಿನ ಮೂಲವನ್ನು ಹುಡುಕುವವನು ಪಾವಿನಿಂದ ಹೊರಡಬೇಕು.

ಎರಡನೆಯದು : ಹೋಲಿಕೆಯ ಹಿಂದೆ ನಿಯಮವಿದೆಯೇ? ಸಪ್ತಕ್ಕೆ ಹಪ್ತವಾದರೆ ಸೋಮಕ್ಕೂ ಸಿಂಧುವಿಗೂ ಸೇನೆಗೂ ಅದೇ ಆಗಬೇಕು. ಒಂಟಿ ಹೋಲಿಕೆಗೆ ಬೆಲೆ ಕಡಿಮೆ.

ಮೂರನೆಯದು : ಎರವಲು ಎನ್ನುವುದಾದರೆ ನಡೆದುಬಂದ ದಾರಿ ಯಾವುದು? ವ್ಯಾಪಾರವೋ, ಭಿಕ್ಷುಸಂಚಾರವೋ, ರಾಜ್ಯಾಡಳಿತವೋ, ಶಾಸ್ತ್ರವ್ಯಾಸಂಗವೋ? ನಡುವಿನ ರೂಪಗಳು ಎಲ್ಲಿ?

ನಾಲ್ಕನೆಯದು : ಅರ್ಥವು ಹೊಂದುತ್ತದೆಯೇ? ವರ್ಷದ ಸಾಲು, ಮರಗಳ ಸಾಲು ಧ್ವನಿಯಲ್ಲಿ ಒಂದೇ. ಅರ್ಥವು ಅವುಗಳನ್ನು ಬೇರ್ಪಡಿಸಿತು.

ಈ ನಾಲ್ಕಕ್ಕೂ ಉತ್ತರ ಹೇಳಬಲ್ಲ ಬಾಂಧವ್ಯಗಳೇ ಎಷ್ಟೊಂದಿವೆ! ತುರ್ಕಿಯ ಮಣ್ಣಿನಲ್ಲಿ ಮಿತ್ರಾವರುಣರ ನಾಮ, ಇರಾನಿನ ಬಂಡೆಯಲ್ಲಿ ಸಿಂಧುವಿನ ನಾಮ, ಜಪಾನಿನ ಪಾಠಶಾಲೆಯಲ್ಲಿ ನಮ್ಮ ವರ್ಗಕ್ರಮ, ನಮ್ಮ ಪಂಚಾಂಗದಲ್ಲಿ ಯವನರ ಹೋರಾ. ನಿಜವಾದ ಸಂಪತ್ತು ಇಷ್ಟಿರುವಾಗ ಕಾಗೆಬಂಗಾರಕ್ಕೆ ಕೈಚಾಚುವ ಅಗತ್ಯ ನಮಗಿಲ್ಲ. ಮಕ್ಕಳು ಕೇಳಿದಾಗ ಗೊತ್ತಿರುವುದನ್ನು ಗೊತ್ತಿದೆಯೆಂದೂ, ಗೊತ್ತಿಲ್ಲದುದನ್ನು ವಿಚಾರಿಸಿ ಹೇಳುತ್ತೇವೆಂದೂ ಹೇಳೋಣ. ಸತ್ಯವನ್ನೇ ಉಸಿರಾಗಿಸಿಕೊಂಡ ಶಾಸ್ತ್ರದ ಸೇವೆಯನ್ನು ಸುಳ್ಳಿನಿಂದ ಮಾಡಲಾಗದು.

॥ ಶ್ರೀಕೃಷ್ಣಾರ್ಪಣಮಸ್ತು ॥